ಫಿಲ್ಮ್ ಕ್ಯಾಮೆರಾಗೆ ಕೇಸ್ ಹಾಕಬೇಕಾ, ಬೇಡವಾ? ಪೂರ್ತಿ ಕೇಸ್, ಅರ್ಧ ಕೇಸ್, ಪೌಚ್, ಬರೀ ಬೆಲ್ಟ್: ಯಾವುದು ಯಾರಿಗೆ

ಹಳೇ ಫಿಲ್ಮ್ ಕ್ಯಾಮೆರಾ ಕೈಗೆ ಬಂದ ಮೇಲೆ ಮೊದಲ ರೀಲು ಮುಗಿಯುವ ಮುಂಚೆಯೇ ಈ ಗೊಂದಲ ಶುರುವಾಗುತ್ತದೆ. ಜೊತೆಗೆ ಬಂದ ಚರ್ಮದ ಕೇಸ್ ಹಾಕಿಕೊಂಡೇ ಓಡಾಡೋದಾ, ಹೊಸದಾಗಿ ಒಂದು ಅರ್ಧ ಕೇಸ್ ತರೋದಾ, ಮೆತ್ತನೆ ಪೌಚ್ ಸಾಕಾ, ಅಥವಾ ಸುಮ್ನೆ ಬೆಲ್ಟ್ ಹಾಕಿ ಕೊರಳಿಗೆ ನೇತುಹಾಕಿಕೊಂಡರೆ ಆಯ್ತಾ? ಕೇಳಿದವರೆಲ್ಲ ಒಂದೊಂದು ಉತ್ತರ ಕೊಡುತ್ತಾರೆ. "ಕೇಸ್ ಇಲ್ಲದೆ ಹೊರಗೆ ತೆಗೀಲೇಬೇಡಿ" ಅನ್ನುವವರಿದ್ದಾರೆ. "ಕೇಸ್ ಹಾಕಿದ್ರೆ ನೀವು ಫೋಟೋನೇ ತೆಗೆಯಲ್ಲ" ಅನ್ನುವವರೂ ಇದ್ದಾರೆ. ಇಬ್ಬರ ಮಾತೂ ನಿಜ. ಅವರವರ ಕ್ಯಾಮೆರಾ ಬೇರೆ, ಅವರು ಓಡಾಡುವ ರೀತಿ ಬೇರೆ, ಅಷ್ಟೇ.

ಡಿಜಿಟಲ್ ಕ್ಯಾಮೆರಾ ಬಿದ್ದರೆ ಬೇಜಾರಾಗುತ್ತದೆ, ಆದರೆ ಅಂಥದೇ ಇನ್ನೊಂದು ಸಿಗುತ್ತದೆ. ಫಿಲ್ಮ್ ಕ್ಯಾಮೆರಾ ಕಥೆ ಹಾಗಲ್ಲ. ಪೆಂಟಾಕ್ಸ್ ಕೆ1000 ತಗೊಳ್ಳಿ. 1976ರಲ್ಲಿ ಬಂತು, 1997ರಲ್ಲಿ ನಿಂತಿತು. ಕೊನೆಗೆ ತಯಾರಾದದ್ದಕ್ಕೂ ಈಗ ಕಾಲು ಶತಮಾನ ದಾಟಿದೆ. ಒಂದು ಭಾಗ ಮುರಿದರೆ ಅದು ಬರುವುದು ಸಾಮಾನ್ಯವಾಗಿ ಇನ್ನೊಂದು ಕೆಟ್ಟ ಕ್ಯಾಮೆರಾದ ಹೊಟ್ಟೆಯಿಂದಲೇ. ಅದಕ್ಕೇ ಈ ಪ್ರಶ್ನೆಯನ್ನು ಹಗುರವಾಗಿ ತಗೊಳ್ಳಬೇಡಿ ಅನ್ನುತ್ತೇನೆ.

ಮೊದಲು ನೋಡಬೇಕಾದ್ದು

ಕೇಸ್ ಯಾವುದು ಚೆನ್ನಾಗಿದೆ ಅಂತ ನೋಡುವ ಮುಂಚೆ, ಅದು ಯಾವುದರಿಂದ ಕಾಪಾಡಬೇಕು ಅಂತ ಕೇಳಿಕೊಳ್ಳಿ. ಕ್ಯಾಮೆರಾಗೆ ಶತ್ರುಗಳು ಒಬ್ಬಿಬ್ಬರಲ್ಲ. ಪೆಟ್ಟು, ಗೀರು, ದೂಳು ಮತ್ತು ಮರಳು, ತೇವ, ಬಿಸಿಲು. ಇದಿಷ್ಟನ್ನೂ ತಡೆಯುವ ಒಂದೇ ಕೇಸ್ ಇಲ್ಲ. ಅದಕ್ಕಿಂತ ಕಷ್ಟದ ವಿಷಯ ಏನೆಂದರೆ, ಒಂದನ್ನು ತಡೆಯುವುದು ಇನ್ನೊಂದನ್ನು ಮನೆಗೆ ಕರೆಯುತ್ತದೆ. ಚರ್ಮ ಗೀರು ತಡೆಯುತ್ತದೆ, ತೇವ ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯಾಡದ ಪೆಟ್ಟಿಗೆ ದೂಳು ತಡೆಯುತ್ತದೆ, ಆದರೆ ಒಳಗೆ ಸೇರಿದ ತೇವವನ್ನೂ ಹೊರಗೆ ಬಿಡುವುದಿಲ್ಲ.

ಎರಡನೆಯದು, ಕ್ಯಾಮೆರಾ ಎಷ್ಟು ಬೇಗ ಕೈಗೆ ಸಿಗಬೇಕು ಅನ್ನೋದು. ಬೀದಿಯಲ್ಲಿ ನಡೆಯುತ್ತಾ ಜನರ ಫೋಟೋ ತೆಗೆಯುವವರಿಗೆ ಎರಡು ಸೆಕೆಂಡು ಕೂಡ ಜಾಸ್ತಿ. ಟ್ರೈಪಾಡ್ ಇಟ್ಟು ಬೆಟ್ಟ, ಕಟ್ಟಡ ತೆಗೆಯುವವರಿಗೆ ಎರಡು ನಿಮಿಷವೂ ಪರವಾಗಿಲ್ಲ.

ಮೂರನೆಯದನ್ನು ಬಹಳ ಜನ ನೋಡುವುದೇ ಇಲ್ಲ. ಕ್ಯಾಮೆರಾವನ್ನು ತಲೆಕೆಳಗು ಮಾಡಿ ತಳದಲ್ಲಿ ಏನೇನಿದೆ ನೋಡಿ. ಬ್ಯಾಟರಿ ಮುಚ್ಚಳ ಅಲ್ಲಿದೆಯಾ? ರೀಲು ಹಿಂದಕ್ಕೆ ಸುತ್ತುವ ಮುಂಚೆ ಒತ್ತುವ ಪುಟ್ಟ ಗುಂಡಿ ಅಲ್ಲಿದೆಯಾ? ಪೆಂಟಾಕ್ಸ್ ಕೆ1000, ನಿಕಾನ್ ಎಫ್‌ಎಂ2 ಎರಡರಲ್ಲೂ ಎರಡೂ ತಳದಲ್ಲೇ ಇವೆ. ಕ್ಯಾನನ್ ಎಇ-1ರಲ್ಲಿ ಬ್ಯಾಟರಿ ಮುಂಭಾಗದಲ್ಲಿದೆ, ಗುಂಡಿ ಮಾತ್ರ ತಳದಲ್ಲಿದೆ. ಒಲಿಂಪಸ್ ಓಎಂ-1ರಲ್ಲಿ ಇದಕ್ಕೆ ಉಲ್ಟಾ: ಬ್ಯಾಟರಿ ತಳದಲ್ಲಿ, ರೀಲು ಬಿಡಿಸುವ ಸನ್ನೆ ಮುಂಭಾಗದಲ್ಲಿ. ಲೈಕಾ ಎಂ3 ಥರದವುಗಳಲ್ಲಿ ಫಿಲ್ಮ್ ಹಾಕುವುದೇ ತಳ ಬಿಚ್ಚಿ. ನಿಕಾನ್ ಎಫ್‌ನಲ್ಲಿ ಹಿಂಬದಿ ಮತ್ತು ತಳ ಎರಡೂ ಸೇರಿ ಒಂದೇ ತುಂಡಾಗಿ ಕಳಚಿ ಬರುತ್ತದೆ. ಇಂಥ ಕ್ಯಾಮೆರಾಗಳಿಗೆ ತಳ ಮುಚ್ಚುವ ಯಾವ ಕೇಸ್ ಹಾಕಿದರೂ ಪ್ರತಿ ರೀಲಿಗೂ ಅದನ್ನು ಬಿಚ್ಚಿ ಮತ್ತೆ ಹಾಕಬೇಕು. 36 ಫೋಟೋಗೊಮ್ಮೆ ಬಿಚ್ಚೋದು ಕಷ್ಟವಲ್ಲ ಅನ್ನಿಸಬಹುದು. ಮದುವೆ ಮನೆಯಲ್ಲೋ ಮಳೆಯಲ್ಲೋ ನಿಂತು ಮಾಡಿ ನೋಡಿ, ಆಗ ಗೊತ್ತಾಗುತ್ತದೆ.

ನಾಲ್ಕನೆಯದು, ಬೆಲ್ಟ್ ಎಲ್ಲಿಗೆ ಸಿಕ್ಕಿಸಿದೆ? ಕ್ಯಾಮೆರಾದ ಕಿವಿಗಳಿಗಾ (ಎರಡೂ ಪಕ್ಕದಲ್ಲಿರುವ ಪುಟ್ಟ ಕೊಂಡಿಗಳು), ಕೇಸಿಗಾ? ಇದು ಬಹಳ ಮುಖ್ಯ. ಮುಂದೆ ಮತ್ತೆ ಹೇಳುತ್ತೇನೆ.

ತೂಕ ಮತ್ತು ದುಡ್ಡು ಕೊನೆಗೆ ಬರುತ್ತವೆ. ತೂಕ ಅಷ್ಟೇನೂ ದೊಡ್ಡದಲ್ಲ. ಎಫ್‌ಎಂ2 ಬರೀ ದೇಹವೇ 540 ಗ್ರಾಂ ಇದೆ, ಅದರ ಮೇಲೊಂದು ಚರ್ಮದ ತುಂಡು ಸೇರಿದರೆ ದಿನವಿಡೀ ಹೊತ್ತಾಗ ಸ್ವಲ್ಪ ಗೊತ್ತಾಗಬಹುದು, ಅಷ್ಟೇ. ದುಡ್ಡನ್ನು ಮಾತ್ರ ನಾನು ಯಾವಾಗಲೂ ರೀಲಿನ ಲೆಕ್ಕದಲ್ಲಿ ಅಳೆಯುತ್ತೇನೆ. ಈ ಕೇಸಿನ ದುಡ್ಡಿಗೆ ಎಷ್ಟು ರೀಲು ಬರುತ್ತಿತ್ತು? ಆ ರೀಲು ಬಿಟ್ಟುಕೊಡುವಷ್ಟು ಕೆಲಸ ಈ ಕೇಸ್ ಮಾಡುತ್ತದಾ?

ಬರೀ ಬೆಲ್ಟ್, ಮತ್ತೇನೂ ಇಲ್ಲ

ನಾನು ಇಲ್ಲಿಂದ ಶುರು ಮಾಡುವುದಕ್ಕೆ ಕಾರಣ ಇದೆ. ಬಳಸುವಾಗ ಕ್ಯಾಮೆರಾ ಹಾಳಾಗುವುದಕ್ಕೆ ದೊಡ್ಡ ಕಾರಣ ಕೈಯಿಂದ ಜಾರುವುದು, ಮೇಜಿನಿಂದ ಉರುಳುವುದು. ಅದನ್ನು ತಡೆಯುವುದು ಕೇಸ್ ಅಲ್ಲ, ಬೆಲ್ಟ್. ಅಗಲವಾದ, ಗಟ್ಟಿ ಹೊಲಿಗೆಯ, ಕ್ಯಾಮೆರಾದ ಎರಡೂ ಕಿವಿಗೆ ನೇರವಾಗಿ ಸಿಕ್ಕಿಸಿದ ಬೆಲ್ಟ್ ಒಂದಿದ್ದರೆ ಅರ್ಧ ಚಿಂತೆ ಕಳೆಯಿತು. ಲೆನ್ಸಿಗೆ ಒಂದು ಹುಡ್ (ಮುಂದೆ ಸಿಕ್ಕಿಸುವ ಕೊಳವೆಯಂಥ ಮರೆ) ಹಾಕಿ. ಬೆಳಕು ಅಡ್ಡ ಬೀಳುವುದನ್ನು ತಡೆಯೋದು ಅದರ ಕೆಲಸ, ನಿಜ. ಆದರೆ ಮುಂದಕ್ಕೆ ಮುಗ್ಗರಿಸಿದಾಗ ಮೊದಲ ಪೆಟ್ಟು ತಿನ್ನುವುದೂ ಅದೇ. ಹುಡ್ ನೆಗ್ಗಿದರೆ ಹೊಸದು ಹಾಕಬಹುದು. ಲೆನ್ಸಿನ ಮುಂದಿನ ಬಳೆ ನೆಗ್ಗಿದರೆ ಅದನ್ನು ಸರಿ ಮಾಡುವವರನ್ನು ಹುಡುಕಬೇಕು.

ಹೀಗೆ ಬಿಟ್ಟರೆ ಗೀರು ಬೀಳುತ್ತದೆ. ಮೂಲೆಗಳಲ್ಲಿ ಕಪ್ಪು ಬಣ್ಣ ಸವೆದು ಒಳಗಿನ ಹಿತ್ತಾಳೆ ಕಾಣುತ್ತದೆ. ಕೆಲವರಿಗೆ ಅದೇ ಚೆಂದ, ನನಗೂ ಚೆಂದವೇ. ಅದರಿಂದ ಫೋಟೋಗೆ ಏನೂ ಆಗಲ್ಲ. ಮುಂದೆ ಮಾರುವ ಯೋಚನೆ ಇದ್ದರೆ ಬೇರೆ ಮಾತು, ಗೀರಿಲ್ಲದ ಕ್ಯಾಮೆರಾಗೆ ಬೆಲೆ ಜಾಸ್ತಿ.

ಇಲ್ಲಿ ರೇಂಜ್‌ಫೈಂಡರ್ (ಲೆನ್ಸ್ ಮೂಲಕ ಅಲ್ಲದೆ ಬೇರೆ ಪುಟ್ಟ ಕಿಟಕಿಯಿಂದ ನೋಡಿ ಫೋಕಸ್ ಮಾಡುವ ಕ್ಯಾಮೆರಾ) ಇರುವವರಿಗೆ ಒಂದು ಎಚ್ಚರಿಕೆ. ಲೆನ್ಸ್ ಮೂಲಕವೇ ನೋಡುವ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ ಕನ್ನಡಿ ಇರುತ್ತದೆ, ಬಿಸಿಲು ನೇರವಾಗಿ ಶಟರ್ ಪರದೆಗೆ (ಫಿಲ್ಮಿಗೆ ಬೆಳಕು ಬಿಡುವ ಪರದೆ) ಬೀಳುವುದಿಲ್ಲ. ಬಟ್ಟೆ ಪರದೆಯ ರೇಂಜ್‌ಫೈಂಡರ್‌ನಲ್ಲಿ ಆ ಕನ್ನಡಿ ಇಲ್ಲ. ಲೆನ್ಸನ್ನು ಸೂರ್ಯನ ಕಡೆಗೆ ತಿರುಗಿಸಿ ಮೇಜಿನ ಮೇಲೆ ಇಟ್ಟು ಮರೆತರೆ ಭೂತಗನ್ನಡಿಯಲ್ಲಿ ಕಾಗದ ಸುಟ್ಟ ಹಾಗೆ ಪರದೆಯಲ್ಲಿ ಸಣ್ಣ ತೂತು ಬೀಳುತ್ತದೆ. ಆಮೇಲೆ ಪ್ರತಿ ಫೋಟೋದಲ್ಲೂ ಬೆಳಕಿನ ಚುಕ್ಕೆ. ಹಾಗಾಗಿ ಕೇಸ್ ಬೇಡ ಅನ್ನುವವರು ಕ್ಯಾಪನ್ನಾದರೂ ಬಿಡಬೇಡಿ. ಹಾಗಂತ ಕ್ಯಾಪ್ ತೆಗೆಯೋದನ್ನೂ ಮರೆಯಬೇಡಿ, ಏಕೆಂದರೆ ರೇಂಜ್‌ಫೈಂಡರ್‌ನಲ್ಲಿ ಲೆನ್ಸ್ ಮೂಲಕ ನೋಡುವುದಿಲ್ಲ, ಕ್ಯಾಪ್ ಇದ್ದರೂ ಕಣ್ಣಿಗೆ ಎಲ್ಲ ಸರಿಯಾಗೇ ಕಾಣುತ್ತದೆ, ಇಡೀ ರೀಲು ಖಾಲಿ ಬರುತ್ತದೆ.

ಕ್ಯಾಪಿನಿಂದ ಇನ್ನೂ ಒಂದು ಲಾಭ ಇದೆ. ಕೆ1000 ಥರದ ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್‌ಗೆ ಆನ್ ಆಫ್ ಸ್ವಿಚ್ ಇಲ್ಲ. ಕತ್ತಲಾದರೆ ಅದು ಬ್ಯಾಟರಿ ಎಳೆಯೋದು ತೀರಾ ಕಡಿಮೆಯಾಗುತ್ತದೆ. ಕ್ಯಾಪ್ ಹಾಕಿದರೇ ಸ್ವಿಚ್ ಆರಿಸಿದ ಹಾಗೆ. ಕೇಸ್ ಮುಚ್ಚಿಟ್ಟರೂ ಅದೇ ಲಾಭ.

ಪೂರ್ತಿ ಚರ್ಮದ ಕೇಸ್

ಕ್ಯಾಮೆರಾ ಜೊತೆಗೆ ಬರುವ ಹಳೇ ಕಂದು ಬಣ್ಣದ, ಗಟ್ಟಿ ಮೂಗಿನ ಕೇಸ್ ಇದು. ಗುಂಡಿ ಬಿಚ್ಚಿದರೆ ಮುಂಭಾಗ ಕೆಳಗೆ ಜೋತು ಬೀಳುತ್ತದೆ, ತಳಭಾಗ ಕ್ಯಾಮೆರಾಗೆ ಅಂಟಿಕೊಂಡೇ ಇರುತ್ತದೆ. ಎವರ್‌ರೆಡಿ ಕೇಸ್ ಅಂತ ಇದರ ಹೆಸರು, ಸದಾ ಸಿದ್ಧ ಅಂತ ಅರ್ಥ. ಹೆಸರು ಹೇಳುವಷ್ಟು ಬೇಗ ಸಿದ್ಧವಾಗುವುದಿಲ್ಲ. ಗುಂಡಿ ಬಿಚ್ಚಬೇಕು, ಮುಂಭಾಗ ಇಳಿಸಬೇಕು, ಅದು ಎದೆಯ ಹತ್ತಿರ ಅಲ್ಲಾಡುತ್ತಾ ಇರುತ್ತದೆ, ಅಡ್ಡ ಹಿಡಿದ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿದರೆ ಕೆಲವೊಮ್ಮೆ ಲೆನ್ಸ್ ಮುಂದೆಯೇ ಬಂದು ನಿಲ್ಲುತ್ತದೆ.

ಆದರೂ ಕಾಪಾಡುವ ವಿಷಯದಲ್ಲಿ ಕೊರಳಿಗೆ ಹಾಕಿಕೊಳ್ಳುವ ಕೇಸುಗಳಲ್ಲಿ ಇದನ್ನು ಮೀರಿಸಿದ್ದು ಇಲ್ಲ. ತಲೆಯ ಮೇಲಿನ ಪ್ರಿಸಂ (ಕಣ್ಣಿಟ್ಟು ನೋಡುವ ಗಾಜು ಇರುವ ಉಬ್ಬು), ಲೆನ್ಸಿನ ಮುಂಭಾಗ, ಹಿಂಬಾಗಿಲು, ತಳ ಎಲ್ಲವನ್ನೂ ಮುಚ್ಚುತ್ತದೆ. ಕಿಕ್ಕಿರಿದ ಬಸ್ಸು, ರೈಲು, ಜಾತ್ರೆಯ ಗುಂಪು, ಎಲ್ಲಿ ಪಕ್ಕದವರ ಮೊಣಕೈ ತಾಗುತ್ತದೋ ಅಲ್ಲೆಲ್ಲ ಇದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಶಟರ್ ಗುಂಡಿ ತಾನಾಗೇ ಒತ್ತಿಕೊಂಡು ರೀಲಿನಲ್ಲಿ ಒಂದು ಫೋಟೋ ವ್ಯರ್ಥವಾಗುವುದೂ ಕಮ್ಮಿ. ಹಿಂಬಾಗಿಲ ಸುತ್ತ ಇರುವ ಹಳೇ ಫೋಮ್ ಸವೆದು ಬೆಳಕು ಸೋರುವ ಕ್ಯಾಮೆರಾದಲ್ಲಿ ಕೇಸ್ ಸ್ವಲ್ಪ ಮಟ್ಟಿಗೆ ಆ ಸೋರಿಕೆಯನ್ನೂ ತಡೆಯುತ್ತದೆ. ಇದನ್ನೇ ನಂಬಿ ಫೋಮ್ ಬದಲಾಯಿಸದೆ ಬಿಡಬೇಡಿ, ಅದು ಕಡಿಮೆ ಖರ್ಚಿನ ಕೆಲಸ, ಮೊದಲು ಮಾಡಿಸಬೇಕಾದ ಕೆಲಸ.

ಕೆಲವು ಕ್ಯಾಮೆರಾಗಳಿಗೆ ಈ ಕೇಸ್ ಬಿಟ್ಟರೆ ಗತಿ ಇಲ್ಲ. ಆರ್ಗಸ್ ಸಿ3, ಝೋರ್ಕಿ 4 ಇಂಥವಕ್ಕೆ ಬೆಲ್ಟ್ ಸಿಕ್ಕಿಸುವ ಕಿವಿಗಳೇ ಇಲ್ಲ. ಬೆಲ್ಟ್ ಇರುವುದು ಕೇಸಿಗೆ. ಕೇಸ್ ಎಸೆದರೆ ಕೊರಳಿಗೆ ಹಾಕಿಕೊಳ್ಳುವ ದಾರಿಯೂ ಹೋಯಿತು.

ಇನ್ನು ಇದರ ದೋಷಗಳು. ಒಂದು, ಅಳತೆ. ಇದನ್ನು 50 ಎಂಎಂ ಸುತ್ತಮುತ್ತಲಿನ ಪುಟ್ಟ ಲೆನ್ಸಿಗೆ ಅಂತ ಹೊಲಿದಿರುತ್ತಾರೆ. ಜೂಮ್ ಹಾಕಿದಿರೋ, ಮುಂಭಾಗ ಮುಚ್ಚುವುದಿಲ್ಲ. ಲೆನ್ಸ್ ಬದಲಾಯಿಸುತ್ತಾ ಇರುವವರಿಗೆ ಇದು ಸರಿಹೋಗುವುದಿಲ್ಲ.

ಎರಡು, ಬೆಲ್ಟ್. ನನ್ನ ಮೊದಲ ಎಸ್‌ಎಲ್‌ಆರ್ ಬಿದ್ದದ್ದು ಹೀಗೆ. ಕ್ಯಾಮೆರಾದಷ್ಟೇ ವಯಸ್ಸಾದ ಚರ್ಮದ ಬೆಲ್ಟು, ಮೇಲಿನಿಂದ ಹೊಳೆಯುತ್ತಿತ್ತು, ಎಣ್ಣೆ ಹಚ್ಚಿ ಒರೆಸಿದ್ದೆ. ಮೆಟ್ಟಿಲು ಇಳಿಯುವಾಗ ಬಳೆ ಹತ್ತಿರ ಹೊಲಿಗೆ ಬಿಚ್ಚಿ ಕ್ಯಾಮೆರಾ ಹೋಯಿತು. ಮುಂಭಾಗ ತೆರೆದಿತ್ತು. ಪ್ರಿಸಂ ಮೇಲೆ ನೆಗ್ಗು, ಫೋಕಸ್ ಪರದೆಯ ಮೂಲೆಯಲ್ಲಿ ಕಪ್ಪು. ಕೇಸ್ ಹಾಕಿದ್ದೇನೆ ಅನ್ನುವ ಧೈರ್ಯದಲ್ಲಿ ನಾನು ಬೆಲ್ಟನ್ನು ಒಮ್ಮೆಯೂ ಎಳೆದು ನೋಡಿರಲಿಲ್ಲ. ಆ ದಿನದ ಸಂಕಟ ಇನ್ನೂ ನೆನಪಿದೆ. ಬೆಲ್ಟ್ ಗಟ್ಟಿ ಇದ್ದರೂ ಇನ್ನೊಂದು ಅಪಾಯ ಇದೆ. ಕ್ಯಾಮೆರಾ ಕೇಸಿಗೆ ಹಿಡಿದಿರುವುದು ತಳದ ಒಂದೇ ಒಂದು ಸ್ಕ್ರೂನಿಂದ. ನಡೆಯುತ್ತಾ ನಡೆಯುತ್ತಾ ಅದು ಸಡಿಲವಾಗುತ್ತದೆ.

ಮೂರನೆಯ ದೋಷ ತೇವ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಏಕೆಂದರೆ ಬಿದ್ದು ಹಾಳಾದ ಕ್ಯಾಮೆರಾಗಳಿಗಿಂತ ಕೇಸಿನೊಳಗೆ ಕೂತು ಹಾಳಾದವನ್ನೇ ನಾನು ಜಾಸ್ತಿ ನೋಡಿದ್ದೇನೆ. ಚರ್ಮ ಗಾಳಿಯ ತೇವ ಹೀರುತ್ತದೆ, ಒಳಗಿನ ಮಖಮಲ್ಲು ಇನ್ನೂ ಜಾಸ್ತಿ. ಒಳಗೆ ಕತ್ತಲು, ಗಾಳಿ ಆಡುವುದಿಲ್ಲ. ಗಾಳಿಯಲ್ಲಿ ತೇವ ಶೇಕಡಾ 65-70 ದಾಟಿ ಹಾಗೇ ಇದ್ದರೆ ಲೆನ್ಸಿನೊಳಗೆ ಬೂಷ್ಟು ಬೆಳೆಯುವುದಕ್ಕೆ ಬೇಕಾದ್ದೆಲ್ಲ ಸಿಕ್ಕ ಹಾಗೆ. ಮೊದಲು ಜೇಡರ ಬಲೆಯ ಎಳೆ ಥರ ಕಾಣುತ್ತದೆ. ಹಾಗೇ ಬಿಟ್ಟರೆ ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ, ಆಮೇಲೆ ಒರೆಸಿದರೂ ಗುರುತು ಹೋಗುವುದಿಲ್ಲ. ಹಿತ್ತಾಳೆ ಭಾಗಕ್ಕೆ ಚರ್ಮ ತಾಗಿಕೊಂಡೇ ವರ್ಷಗಟ್ಟಲೆ ಇದ್ದರೆ ಅಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಕೇಸಿನೊಳಗೆ ಫೋಮ್ ಇದ್ದರೆ ಅದು ಹಳತಾಗಿ ಅಂಟಂಟಾಗಿ ಕ್ಯಾಮೆರಾ ಮೈಗೆ ಮೆತ್ತಿಕೊಳ್ಳುತ್ತದೆ.

ಹಾಗಾಗಿ ಈ ಕೇಸಿನ ಬಗ್ಗೆ ನನ್ನ ಮಾತು ಇಷ್ಟು. ದಾರಿಯಲ್ಲಿ ಒಳ್ಳೆಯದು, ಬೀರುವಿನಲ್ಲಿ ಕೆಟ್ಟದ್ದು. ಹೊರಗೆ ಹೋಗುವಾಗ ಹಾಕಿ, ಮನೆಗೆ ಬಂದ ಮೇಲೆ ಕ್ಯಾಮೆರಾ ಹೊರಗೆ ತೆಗೆದು ಬೇರೆ ಇಡಿ, ಕೇಸ್ ಬೇರೆ ಇಡಿ. ಪೂರ್ತಿ ಕೇಸೋ ಅರ್ಧ ಕೇಸೋ, ಚರ್ಮದ್ದು ಯಾವುದೇ ಆದರೂ ಇದೇ ನಿಯಮ.

ಅರ್ಧ ಕೇಸ್

ಇದು ತಳ ಮತ್ತು ಕೆಳಗಿನ ಅರ್ಧ ಮಾತ್ರ ಮುಚ್ಚುತ್ತದೆ. ಮೇಲಿನ ಗುಂಡಿ, ಸನ್ನೆ, ಲೆನ್ಸ್ ಎಲ್ಲ ಬಯಲಿಗೇ ಇರುತ್ತವೆ. ಈಗ ಹೊಸದಾಗಿ ಹೊಲಿದು ಮಾರುವವರು ಬಹಳ ಇದ್ದಾರೆ. ನೋಡಲು ಬಹಳ ಚೆಂದ, ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ದಿನಾ ಕೈಯಲ್ಲಿ ಹಿಡಿಯುವ ವಸ್ತು ಚೆಂದ ಇರಲಿ ಅಂತ ಬಯಸುವುದು ತಪ್ಪಲ್ಲ ಅಲ್ವಾ.

ಕೆಲಸದ ಲೆಕ್ಕದಲ್ಲಿ ಇದರ ದೊಡ್ಡ ಲಾಭ ಹಿಡಿತ. ಓಎಂ-1 ಥರದ ನುಣುಪಾದ, ಚಿಕ್ಕ ದೇಹದ ಕ್ಯಾಮೆರಾಗಳಿಗೆ ಬೆರಳು ಊರಲು ಜಾಗ ಕಡಿಮೆ. ಮುಂಭಾಗದಲ್ಲಿ ಸ್ವಲ್ಪ ಉಬ್ಬಿರುವ ಅರ್ಧ ಕೇಸ್ ಹಾಕಿದರೆ ಕೈಗೆ ಗಟ್ಟಿಯಾಗಿ ಕೂರುತ್ತದೆ. ಜಾರುವುದು ಕಡಿಮೆಯಾದರೆ ಬೀಳುವುದೂ ಕಡಿಮೆ. ಕಲ್ಲಿನ ಮೇಲೆ, ಕಟ್ಟೆಯ ಮೇಲೆ ಇಟ್ಟಾಗ ತಳಕ್ಕೆ ಗೀರು ಬೀಳುವುದಿಲ್ಲ. ದೊಡ್ಡ ಕೈಯವರಿಗೆ ಕ್ಯಾಮೆರಾ ಸ್ವಲ್ಪ ಎತ್ತರವಾಗುವುದೂ ಅನುಕೂಲವೇ, ಕಿರುಬೆರಳು ಗಾಳಿಯಲ್ಲಿ ನೇತಾಡುವುದಿಲ್ಲ.

ಆದರೆ ಇದು ಬಿದ್ದಾಗ ಕಾಪಾಡುವ ಕೇಸ್ ಅಂತ ನಂಬಿ ಕೊಳ್ಳಬೇಡಿ. ಬಿದ್ದ ಕ್ಯಾಮೆರಾಗಳಲ್ಲಿ ನೆಗ್ಗು ಕಾಣುವುದು ಬಹುಮಟ್ಟಿಗೆ ಪ್ರಿಸಂ ಮೇಲೆ, ಲೆನ್ಸಿನ ಬಳೆಯಲ್ಲಿ, ಮೇಲಿನ ಮೂಲೆಗಳಲ್ಲಿ. ಅವೆಲ್ಲ ಅರ್ಧ ಕೇಸಿನ ಹೊರಗೇ ಇವೆ. ರೇಂಜ್‌ಫೈಂಡರ್‌ನಲ್ಲಿ ಎರಡು ಚಿತ್ರ ಒಂದರ ಮೇಲೊಂದು ಕೂರಿಸುವ ಸೂಕ್ಷ್ಮ ಜೋಡಣೆ ಇರುತ್ತದಲ್ಲ, ಅದು ತಪ್ಪಲು ಸುಮಾರಾದ ಪೆಟ್ಟೇ ಸಾಕು. ತಳದ ತೆಳು ಚರ್ಮ ಅದನ್ನು ತಡೆಯುವುದಿಲ್ಲ.

ಕೊಳ್ಳುವ ಮುಂಚೆ ನಿಮ್ಮ ಕ್ಯಾಮೆರಾದ ತಳ ಇನ್ನೊಮ್ಮೆ ನೋಡಿ. ಬ್ಯಾಟರಿ ಬಾಗಿಲಿಗೆ, ರೀಲು ಬಿಡಿಸುವ ಗುಂಡಿಗೆ ತೂತು ಬಿಟ್ಟಿದ್ದಾರಾ? ಟ್ರೈಪಾಡ್ ಬಳಸುವವರಾದರೆ ಕೇಸಿನ ಸ್ಕ್ರೂ ತಳದಲ್ಲಿ ಮತ್ತೆ ಟ್ರೈಪಾಡ್ ಸ್ಕ್ರೂ ಹಾಕುವ ರಂಧ್ರ ಇದೆಯಾ? ಈಗಿನ ಅಳತೆ ಕಾಲು ಇಂಚು. ಹಳೇ ಯುರೋಪಿನ ಕೆಲವು ಕ್ಯಾಮೆರಾಗಳಲ್ಲಿ 3/8 ಇಂಚಿನ ದೊಡ್ಡ ರಂಧ್ರ ಇರುತ್ತದೆ, ಅದಕ್ಕೆ ಮಧ್ಯೆ ಒಂದು ಪುಟ್ಟ ಬಳೆ ಹಾಕಬೇಕಾಗುತ್ತದೆ. ಹಿಂಬಾಗಿಲಲ್ಲಿ ಯಾವ ಫಿಲ್ಮ್ ಒಳಗಿದೆ ಅಂತ ತೋರಿಸುವ ಪುಟ್ಟ ಕಿಟಕಿ ಇದ್ದರೆ, ಅಥವಾ ಫಿಲ್ಮ್ ಡಬ್ಬಿಯ ಚೂರು ಸಿಕ್ಕಿಸುವ ಚೌಕಟ್ಟು ಇದ್ದರೆ, ಕೇಸ್ ಅದನ್ನು ಮುಚ್ಚುತ್ತದಾ? ಮುಚ್ಚಿದರೆ ಒಳಗಿರುವುದು 100ರ ಫಿಲ್ಮಾ 400ರದಾ (ಬೆಳಕಿಗೆ ಫಿಲ್ಮ್ ಎಷ್ಟು ಬೇಗ ಸ್ಪಂದಿಸುತ್ತದೆ ಅನ್ನುವ ಅಂಕಿ) ಅಂತ ನೀವೇ ನೆನಪಿಡಬೇಕು. ಎರಡು ವಾರ ಬಿಟ್ಟು ಕ್ಯಾಮೆರಾ ಎತ್ತಿಕೊಂಡಾಗ ಆ ನೆನಪು ಇರುವುದಿಲ್ಲ.

ಬೆಲ್ಟ್ ಕ್ಯಾಮೆರಾದ ಕಿವಿಗೇ ಇರಲಿ. ಕೇಸಿನ ಪಕ್ಕದ ಗುಂಡಿಗಳಿಗೆ ಬೆಲ್ಟ್ ಹಾಕುವ ಮಾದರಿ ನನಗೆ ಒಪ್ಪಿಗೆ ಇಲ್ಲ.

ದುಡ್ಡಿನ ಮಾತು. ಒಂದೊಂದಾಗಿ ಕೈಯಿಂದ ಹೊಲಿದ ಒಳ್ಳೆಯ ಅರ್ಧ ಕೇಸಿಗೆ ಹಲವು ರೀಲುಗಳ ದುಡ್ಡು ಹೋಗುತ್ತದೆ. ಕೃತಕ ಚರ್ಮದ್ದು ಅಗ್ಗ, ಆದರೆ ವರ್ಷ ಕಳೆದಂತೆ ಮೇಲ್ಪದರ ಸಿಪ್ಪೆ ಏಳುತ್ತದೆ. ಹಿಡಿತವೇ ನಿಮ್ಮ ತೊಂದರೆ ಆಗಿದ್ದರೆ ದುಡ್ಡು ಹಾಕಿ. ಬರೀ ಗೀರಿನ ಭಯಕ್ಕೆ ಆದರೆ ಆ ದುಡ್ಡನ್ನು ಫಿಲ್ಮಿಗೆ ಹಾಕಿ ಅಂತಲೇ ಹೇಳುತ್ತೇನೆ.

ಪೌಚ್, ಸುತ್ತುವ ಬಟ್ಟೆ

ಕ್ಯಾಮೆರಾ ಬ್ಯಾಗಿನಲ್ಲೇ ಇರುತ್ತದೆ, ಬೇಕಾದಾಗ ತೆಗೆಯುತ್ತೇನೆ ಅನ್ನುವವರಿಗೆ ಇದು ಬಹಳ ಸರಳ ದಾರಿ. ಮೆತ್ತನೆಯ ಚೀಲ, ಬಾಯಿಗೆ ದಾರ ಅಥವಾ ಜಿಪ್ಪು. ಇಲ್ಲವೇ ಮೂಲೆಗಳು ಒಂದಕ್ಕೊಂದು ಅಂಟಿಕೊಳ್ಳುವ ಚೌಕಾಕಾರದ ದಪ್ಪ ಬಟ್ಟೆ. ಬಟ್ಟೆಯ ಲಾಭ ಅಂದರೆ ಅಳತೆಯ ಗೋಳು ಇಲ್ಲ, ಯಾವ ಕ್ಯಾಮೆರಾ, ಯಾವ ಲೆನ್ಸ್ ಇದ್ದರೂ ಸುತ್ತಿಬಿಡಬಹುದು. ಅಗ್ಗ ಕೂಡ. ಒಂದೆರಡು ರೀಲಿನ ದುಡ್ಡಿಗಿಂತ ಜಾಸ್ತಿ ಕೊಡಬೇಡಿ, ಮನೆಯಲ್ಲಿ ದಪ್ಪ ಬಟ್ಟೆ ಇದ್ದರೆ ಎರಡು ಪದರ ಮಾಡಿ ಹೊಲಿದುಕೊಳ್ಳಬಹುದು. ಒಳಮೈ ಮಾತ್ರ ಎಳೆ ಬಿಡದ ಬಟ್ಟೆ ಇರಲಿ. ಪರಪರ ಅನ್ನುವ ವೆಲ್ಕ್ರೋ ಬೇಡ. ಸದ್ದಿಲ್ಲದ ಜಾಗದಲ್ಲಿ ಅದನ್ನು ಬಿಚ್ಚಿದರೆ ಎಲ್ಲರೂ ತಿರುಗಿ ನೋಡುತ್ತಾರೆ, ನೀವು ತೆಗೆಯಬೇಕೆಂದಿದ್ದ ಫೋಟೋ ಅಲ್ಲಿಗೇ ಮುಗಿಯಿತು.

1970ರ ದಶಕದ ಕೊನೆಯಿಂದ 90ರ ದಶಕದವರೆಗಿನ ಆಟೋಮ್ಯಾಟಿಕ್ ಪುಟ್ಟ ಕ್ಯಾಮೆರಾಗಳಿಗೆ ಪೌಚೇ ಸರಿ. ಒಲಿಂಪಸ್ ಎಕ್ಸ್‌ಎ 1979ರಲ್ಲಿ ಬಂತು. ಅದನ್ನು ರೂಪಿಸಿದ ಯೋಶಿಹಿಸಾ ಮೈತಾನಿಯವರು ಕೇಸೂ ಬೇಡ, ಕ್ಯಾಪೂ ಬೇಡ ಅನ್ನುವ ಯೋಚನೆಯಿಂದಲೇ ಮುಂದಿನ ಜಾರು ಮುಚ್ಚಳ ಇಟ್ಟರು. ಮುಚ್ಚಿದರೆ ಲೆನ್ಸೂ ಮುಚ್ಚುತ್ತದೆ, ಶಟರ್ ಕೂಡ ಒತ್ತಿಕೊಳ್ಳುವುದಿಲ್ಲ. 1997ರ ಮ್ಯೂ-2ರಲ್ಲೂ ಅಂಥದೇ ಮುಚ್ಚಳ ಇದೆ. ಇವುಗಳ ಲೆನ್ಸಿಗೆ ಬೇರೆ ರಕ್ಷಣೆ ಬೇಡ. ಆದರೆ ದೇಹ ಹಗುರ ಪ್ಲಾಸ್ಟಿಕ್, ಒಳಗೆ ಪೂರ್ತಿ ಎಲೆಕ್ಟ್ರಾನಿಕ್ಸ್. ಲೋಹದ ಹಳೇ ಎಸ್‌ಎಲ್‌ಆರ್ ಬಿದ್ದರೆ ನೆಗ್ಗುತ್ತದೆ, ರಿಪೇರಿ ಮಾಡುವವರು ಸಿಕ್ಕರೆ ಮತ್ತೆ ನಡೆಯುತ್ತದೆ. ಇವು ಬಿದ್ದು ಸರ್ಕ್ಯೂಟ್ ಹೋದರೆ ಅಲ್ಲಿಗೆ ಮುಗಿಯಿತು. ಹಾಗಾಗಿ ಬರೀ ಜೇಬಿಗೆ, ಬೀಗದ ಕೈ ನಾಣ್ಯದ ಜೊತೆಗೆ ಹಾಕಬೇಡಿ. ತೆಳುವಾದ ಪೌಚ್ ಒಂದು, ಮಣಿಕಟ್ಟಿಗೆ ದಾರ ಒಂದು. ಸಾಕು.

ರೊಲೈ 35 ಇರುವವರೂ ಇದೇ ದಾರಿ ಹಿಡಿಯಿರಿ. ಅದರ ರೀಲು ಸುತ್ತುವ ಕೈ, ಫ್ಲ್ಯಾಶ್ ಸಿಕ್ಕಿಸುವ ಜಾಗ ಎರಡೂ ತಳದಲ್ಲೇ ಇವೆ, ಹಿಂಬದಿಯೂ ತಳವೂ ಸೇರಿ ಜಾರಿ ಕಳಚುತ್ತವೆ. ಅಲ್ಲಿ ಅರ್ಧ ಕೇಸ್ ಬರೀ ಅಡ್ಡಿ. ಮಡಚುವ ಕ್ಯಾಮೆರಾಗಳು ಮಡಚಿದಾಗ ತಮಗೆ ತಾವೇ ಕೇಸ್. ಅವುಗಳ ತಿದಿಗೆ (ಲೆನ್ಸಿನ ಹಿಂದಿನ ಮಡಿಕೆ ಮಡಿಕೆಯ ಭಾಗ) ತೇವ ಆಗದಂತೆ ನೋಡಿಕೊಂಡರೆ ಆಯ್ತು.

ಬ್ಯಾಗು ಮತ್ತು ಗಟ್ಟಿ ಪೆಟ್ಟಿಗೆ

ಎರಡು ಮೂರು ಲೆನ್ಸ್, ಜೊತೆಗೆ ಹತ್ತು ರೀಲು ಹೊತ್ತು ಹೋಗುವವರಿಗೆ ಕ್ಯಾಮೆರಾ ಮೇಲಿನ ಕೇಸಿನಿಂದ ಏನೂ ಆಗುವುದಿಲ್ಲ. ಇರುವ ಬೆನ್ನಚೀಲಕ್ಕೇ ಹಾಕುವ ದಪ್ಪ ಮೆತ್ತೆಯ ಗೂಡು ತನ್ನಿ. ಕ್ಯಾಮೆರಾ ಬ್ಯಾಗು ಅಂತ ಹೊರಗೆ ಗೊತ್ತಾಗುವುದಿಲ್ಲ, ಪ್ರಯಾಣ ಮುಗಿದ ಮೇಲೆ ತೆಗೆದಿಟ್ಟರೆ ಚೀಲ ಮತ್ತೆ ಮಾಮೂಲಿ ಚೀಲ.

ಮುಚ್ಚಿದ ಬ್ಯಾಗಿನಿಂದ ಇನ್ನೊಂದು ಉಪಕಾರ ಇದೆ. ಎಸಿ ಕೋಣೆಯಿಂದ ಶೆಖೆ ಇರುವ ಹೊರಗಿನ ಗಾಳಿಗೆ ಕ್ಯಾಮೆರಾ ತೆಗೆದ ಕೂಡಲೇ ಗಾಜಿನ ಮೇಲೆ ನೀರು ಹನಿ ಕಟ್ಟುತ್ತದೆ. ಬ್ಯಾಗಿನೊಳಗೇ ಬಿಟ್ಟು, ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ತೆಗೆಯಿರಿ. ಸಮುದ್ರ ತೀರದಲ್ಲೂ ಬ್ಯಾಗೇ ಮೇಲು. ಕೇಸಿನ ಒಳಬಟ್ಟೆಗೆ ಮರಳು ಹೊಕ್ಕರೆ ಅದು ಉಪ್ಪು ಕಾಗದದ ಥರ ಪ್ರತಿ ಹೆಜ್ಜೆಗೂ ಕ್ಯಾಮೆರಾ ಮೈ ಉಜ್ಜುತ್ತದೆ.

ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ ಸಾಗಿಸುವುದಕ್ಕೆ ಮಾತ್ರ. ದೋಣಿ, ಲಾರಿ, ಕಚ್ಚಾ ರಸ್ತೆ ಇದ್ದಲ್ಲಿ ಅದಕ್ಕೆ ಸಾಟಿ ಇಲ್ಲ. ಒಳಗೆ ತೇವ ಹೀರುವ ಸಿಲಿಕಾ ಜೆಲ್ ಇಡದೆ ಮುಚ್ಚಬೇಡಿ. ಬಿಸಿಲಲ್ಲಿ ನಿಂತ ಕಾರಿನಲ್ಲಂತೂ ಯಾವ ಕೇಸನ್ನೂ ಬಿಡಬೇಡಿ, ಒಳಗಿರುವ ಫಿಲ್ಮ್ ಆ ಕಾವಿಗೆ ಕೆಡುತ್ತದೆ.

ನಿಮಗೆ ಯಾವುದು

ದಿನಾ ಬೀದಿಯಲ್ಲಿ ಫೋಟೋ ತೆಗೆಯುವವರು, ಕ್ಯಾಮೆರಾ ಕೈಯಲ್ಲೇ ಇರುವವರು ಕೇಸ್ ಬಿಡಿ. ಒಳ್ಳೆಯ ಬೆಲ್ಟ್, ಹುಡ್ ಇರಲಿ. ಕ್ಯಾಮೆರಾ ಕೈಯಲ್ಲಿ ಜಾರುತ್ತದೆ ಅನ್ನಿಸಿದರೆ ಮಾತ್ರ ಅರ್ಧ ಕೇಸ್, ಅದೂ ತಳ ಬಿಚ್ಚಿ ಫಿಲ್ಮ್ ಹಾಕುವ ಕ್ಯಾಮೆರಾ ಅಲ್ಲದಿದ್ದರೆ.

ತಿಂಗಳಿಗೊಮ್ಮೆ ಪ್ರವಾಸ, ಒಂದೇ 50 ಎಂಎಂ ಲೆನ್ಸ್, ಜನಜಂಗುಳಿಯಲ್ಲಿ ಓಡಾಟ. ಇಂಥವರಿಗೆ ಕ್ಯಾಮೆರಾ ಜೊತೆ ಬಂದ ಪೂರ್ತಿ ಕೇಸೇ ಸಾಕು, ಗಟ್ಟಿ ಇದ್ದರೆ. ಹೊಸ ಖರ್ಚು ಇಲ್ಲ. ಎಷ್ಟೋ ಕೇಸುಗಳ ಮುಂಭಾಗ ಗುಂಡಿ ಬಿಚ್ಚಿದರೆ ಪೂರ್ತಿ ಕಳಚುತ್ತದೆ. ಜಾಗ ತಲುಪಿದ ಮೇಲೆ ಮುಂಭಾಗ ಕಳಚಿ ಬ್ಯಾಗಿಗೆ ಹಾಕಿ, ಉಳಿದದ್ದೇ ಅರ್ಧ ಕೇಸ್ ಆಯ್ತು. ಎರಡರ ಲಾಭ ಒಂದರಲ್ಲೇ ಸಿಗುತ್ತದೆ, ಆದರೂ ಇದನ್ನು ಮಾಡುವವರು ಕಡಿಮೆ.

ದುಡ್ಡು ಬಹಳ ಬಿಗಿ ಇದ್ದರೆ ಮೊದಲು ಬೆಲ್ಟ್, ಆಮೇಲೆ ಕ್ಯಾಪ್, ಆಮೇಲೆ ಸುತ್ತುವ ಬಟ್ಟೆ. ಈ ಮೂರು ಆದ ಮೇಲೂ ದುಡ್ಡು ಉಳಿದರೆ ಕೇಸ್ ಯೋಚನೆ ಮಾಡಿ. ಅಜ್ಜನ ಕ್ಯಾಮೆರಾ, ಅಪ್ಪನ ಕ್ಯಾಮೆರಾ, ವರ್ಷಕ್ಕೆ ಒಂದು ರೀಲು ಹಾಕುತ್ತೇನೆ ಅನ್ನುವವರು ಕೇಸಿಗಿಂತ ಇಡುವ ಜಾಗಕ್ಕೆ ಖರ್ಚು ಮಾಡಿ. ಮುಚ್ಚಳ ಬಿಗಿಯಾದ ಡಬ್ಬಿ, ಬಣ್ಣ ಬದಲಾಗುವ ಸಿಲಿಕಾ ಜೆಲ್, ತೇವ ತೋರಿಸುವ ಪುಟ್ಟ ಮೀಟರ್. ಶೇಕಡಾ 40ರಿಂದ 50ರ ನಡುವೆ ಇರಲಿ. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು.

ಹಳೇ ಕೇಸ್ ಬಳಸುವುದಾದರೆ

ಮೊದಲು ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಕ್ಯಾಮೆರಾ ಅದರ ಹತ್ತಿರವೂ ಬೇಡ. ನೆರಳಿನಲ್ಲಿ ಗಾಳಿಗೆ ಇಡಿ, ಕೆಲವು ದಿನದ ಮೇಲೂ ವಾಸನೆ ಹೋಗದಿದ್ದರೆ ಬಿಟ್ಟುಬಿಡಿ. ಚರ್ಮ ಬೆರಳಿಗೆ ಕೆಂಪು ಪುಡಿಯಾಗಿ ಅಂಟಿದರೆ ಅದು ಒಳಗಿಂದ ಸತ್ತಿದೆ, ಯಾವ ಎಣ್ಣೆಯೂ ಅದನ್ನು ಮತ್ತೆ ಗಟ್ಟಿ ಮಾಡುವುದಿಲ್ಲ. ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಎಳೆಯಿರಿ. ಕ್ಯಾಮೆರಾ ಹಾಕಿ ಅಲ್ಲ, ಖಾಲಿ ಕೇಸನ್ನೇ. ಬಳೆ ಸೇರುವ ಕಡೆ ಹೊಲಿಗೆಯನ್ನು ಉಗುರಿನಿಂದ ಕೆದಕಿ. ನೂಲು ಎದ್ದು ಬಂದರೆ ಚಪ್ಪಲಿ ಹೊಲಿಯುವವರ ಹತ್ತಿರ ಹೊಸ ನೂಲಲ್ಲಿ ಹೊಲಿಸಿ, ಅಥವಾ ಬೆಲ್ಟ್ ಕತ್ತರಿಸಿ ಹೊಸದನ್ನು ಕ್ಯಾಮೆರಾ ಕಿವಿಗೇ ಹಾಕಿ. ಕೇಸಿನ ಪಕ್ಕದಲ್ಲಿ ಅದಕ್ಕೆ ಸೀಳು ಇರುತ್ತದೆ, ಇಲ್ಲದಿದ್ದರೆ ಬ್ಲೇಡಿನಿಂದ ಮಾಡಿಕೊಳ್ಳಬಹುದು.

ಸ್ಕ್ರೂ ಹಾಕುವಾಗ ಅದು ಕ್ಯಾಮೆರಾದೊಳಗೆ ಎಷ್ಟು ಉದ್ದ ಹೋಗುತ್ತದೆ ನೋಡಿ. ಬೇರೆ ಕೇಸಿನಿಂದ ಬಂದ ಉದ್ದದ ಸ್ಕ್ರೂ ಬಲವಾಗಿ ತಿರುಗಿಸಿದರೆ ತಳದ ಒಳಭಾಗಕ್ಕೆ ತಾಗಿ ತೊಂದರೆ ಮಾಡಬಹುದು. ಬೆರಳಿನ ಬಲ ಸಾಕು, ಇಕ್ಕಳ ಬೇಡ. ಮತ್ತೆ ಪ್ರತಿ ಸಲ ಮನೆಯಿಂದ ಹೊರಡುವಾಗ, ಬಾಗಿಲ ಬೀಗ ಒಮ್ಮೆ ಎಳೆದು ನೋಡುತ್ತೀರಲ್ಲ, ಹಾಗೇ ಈ ಸ್ಕ್ರೂ ಒಮ್ಮೆ ತಿರುಗಿಸಿ ನೋಡಿ.